ಶಾಹೀನಳ ಬಗ್ಗೆ ನಾನು ಬರೆದ ವರದಿ

ಕೊರೊನಾ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ಮತ್ತೆ ಪೂರ್ತಿಯಾಗಿ ತೆರೆದ ವರ್ಷ ಅದು. ನಾನು ಆಗ ಬೀದರ ನಗರದಲ್ಲಿ, ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಒಂದು ಬಾಲಕಿಯರ ಆಶ್ರಯಧಾಮದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಅದಕ್ಕೂ ಮೊದಲು ಹದಿನಾರು ವರ್ಷ ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಮಕ್ಕಳನ್ನು ಒಂದು ಸಲ ನೋಡಿದರೆ ಸಾಕು, ಅಳೆದುಬಿಡುತ್ತೇನೆ ಎಂಬ ಹಮ್ಮು ನನಗಿತ್ತು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಈಗ ಮೈಲೂರಿನ ನನ್ನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಹೆಸರುಗಳನ್ನು ಬದಲಿಸಿದ್ದೇನೆ. ನಡೆದ ತಪ್ಪನ್ನು ನಡೆದ ಹಾಗೆಯೇ ಇಟ್ಟಿದ್ದೇನೆ, ಯಾಕೆಂದರೆ ಅದರಲ್ಲಿ ಮೊದಲ ಪಾಲು ನನ್ನದು.

ಧಾಮಕ್ಕೆ ಬರುವ ಪ್ರತಿ ಮಗುವಿನ ಬಗ್ಗೆ ಹದಿನೈದು ದಿನದೊಳಗೆ ಒಂದು ವರದಿ ಬರೆಯುವುದು ನನ್ನ ಕೆಲಸ. ಅದನ್ನು ನಾವು ‘ಅಸೆಸ್‌ಮೆಂಟ್’ ಎನ್ನುತ್ತಿದ್ದೆವು. ಅದರಲ್ಲಿ ಎರಡು ಭಾಗ. ಮೊದಲನೆಯದು ಮಗು ತನ್ನನ್ನು ತಾನು ಹೇಗೆ ಕಾಣುತ್ತದೆ ಎಂದು ತಿಳಿಯುವ ಹಾಳೆ. ಇಪ್ಪತ್ತು ವಾಕ್ಯಗಳು, ಪ್ರತಿ ವಾಕ್ಯದ ಮುಂದೆ ಮೂರು ಮುಖಗಳ ಚಿತ್ರ: ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ತನಗೆ ಸರಿಯೆನಿಸಿದ ಮುಖಕ್ಕೆ ಮಗು ಗುರುತು ಹಾಕಬೇಕು. ಎರಡನೆಯದು ಬುದ್ಧಿಶಕ್ತಿಯ ಪರೀಕ್ಷೆ. ಇವೆರಡನ್ನೂ ನೋಡಿ ಮಕ್ಕಳ ವಿಷಯ ತೀರ್ಮಾನಿಸುವ ಸಮಿತಿ ಆದೇಶ ಮಾಡುತ್ತದೆ. ಮಗು ಮನೆಗೋ, ಹಾಸ್ಟೆಲಿಗೋ, ಬೇರೆ ಊರಿಗೋ ಎನ್ನುವುದು ಆ ಎರಡು ಹಾಳೆಗಳ ಮೇಲೆ ನಿಂತಿರುತ್ತದೆ.

ಒಂದು ಮಂಗಳವಾರ ಮಧ್ಯಾಹ್ನ ಭಾಲ್ಕಿಯಿಂದ ಜೀಪು ಬಂತು. ರೈಲು ನಿಲ್ದಾಣ ಮತ್ತು ಮಾರುಕಟ್ಟೆಯ ಸುತ್ತ ಇದ್ದ ಒಂಬತ್ತು ಹೆಣ್ಣುಮಕ್ಕಳನ್ನು ‘ರಕ್ಷಿಸಿ’ ತಂದಿದ್ದರು. ರಕ್ಷಿಸಿದವರು ಮಕ್ಕಳ ಕೈಗೆ ಬಿಸ್ಕೀಟು ಕೊಟ್ಟು ಫೋಟೊ ತೆಗೆಸಿಕೊಂಡರು. ಆ ಫೋಟೊ ಮರುದಿನ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅದರಲ್ಲಿ ಎಂಟು ಮಕ್ಕಳು ಕ್ಯಾಮೆರಾ ನೋಡುತ್ತಿದ್ದಾರೆ. ಒಬ್ಬಳು ಮಾತ್ರ ತನ್ನ ತಂಗಿಯ ಕೈ ಎಲ್ಲಿದೆ ಎಂದು ಕೆಳಗೆ ನೋಡುತ್ತಿದ್ದಾಳೆ. ಅವಳೇ ಶಾಹೀನ್. ಹನ್ನೆರಡು ವರ್ಷವಿರಬಹುದು. ತಂಗಿ ಮುನ್ನಿಗೆ ಆರು.

ಮೂರು ದಿನದಲ್ಲಿ ಉಳಿದ ಏಳು ಮಕ್ಕಳ ತಾಯಂದಿರು ಬಂದು, ಅತ್ತು, ಕಾಗದ ತೋರಿಸಿ ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಈ ಇಬ್ಬರಿಗೆ ಯಾರೂ ಬರಲಿಲ್ಲ. ತಾಯಿ ಒಂದು ವರ್ಷದ ಹಿಂದೆ ಕಾಯಿಲೆಯಲ್ಲಿ ತೀರಿಕೊಂಡಳು, ತಂದೆ ಅದಕ್ಕೂ ಮೊದಲೇ ಎಲ್ಲಿಗೋ ಹೋದವನು ಮರಳಲಿಲ್ಲ. ಶಾಹೀನ್ ಬಾಯಿಬಿಟ್ಟು ಹೇಳಿದ್ದು ಅಷ್ಟೇ.

ಎಂಟನೆಯ ದಿನ ಅವಳನ್ನು ನನ್ನ ಕೋಣೆಗೆ ಕರೆಸಿದೆ. ಆ ವಾರ ತಿಂಗಳ ವರದಿಯ ಗಡಿಬಿಡಿ ಬೇರೆ ಇತ್ತು. ನಲವತ್ತು ನಿಮಿಷ ಕೊಟ್ಟೆ. ‘ನಾನು ಬುದ್ಧಿವಂತೆ’ ಎಂಬ ವಾಕ್ಯ ಓದಿ ಹೇಳಿದೆ. ಅಳುವ ಮುಖಕ್ಕೆ ಗುರುತು ಹಾಕಿದಳು. ‘ನನಗೆ ಚೆನ್ನಾಗಿ ಬರುವ ಕೆಲಸಗಳು ಇವೆ.’ ಅಳುವ ಮುಖ. ‘ನಾನು ಹೇಳಿದ್ದನ್ನು ಬೇರೆಯವರು ಕೇಳುತ್ತಾರೆ.’ ಮತ್ತೆ ಅದೇ. ‘ನನ್ನವರು ಅಂತ ನನಗೆ ಜನ ಇದ್ದಾರೆ’ ಎಂಬಲ್ಲಿಗೆ ಬಂದಾಗ ಪೆನ್ಸಿಲ್ ನಿಂತಿತು. ನನ್ನ ಮುಖ ನೋಡಿದಳು. ಬಾಗಿಲ ಕಡೆ ನೋಡಿದಳು. ಆಮೇಲೆ ಮೂರೂ ಮುಖಗಳನ್ನು ಹಾಗೇ ಖಾಲಿ ಬಿಟ್ಟಳು.

“ಇದಕ್ಕ ಯಾಕ ಬಿಟ್ಟಿ?”

“ಗೊತ್ತಿಲ್ರಿ.”

ನಂತರ ಎರಡನೆಯ ಭಾಗ. ಒಂದು ಮನೆಯ ಚಿತ್ರ ತೋರಿಸಿ ಅದರಲ್ಲಿ ಏನಿಲ್ಲ ಎಂದು ಕೇಳಬೇಕು. ಮನೆಗೆ ಬಾಗಿಲಿಲ್ಲ ಎಂಬುದು ಸರಿಯುತ್ತರ. ಶಾಹೀನ್ ಚಿತ್ರವನ್ನು ಬಹಳ ಹೊತ್ತು ನೋಡಿ, “ಎಲ್ಲಾ ಅದ ರಿ” ಎಂದಳು. ಸೊನ್ನೆ ಹಾಕಿದೆ. ಗುರುತಿಲ್ಲದ ಊರಿನಲ್ಲಿ ದಾರಿ ತಪ್ಪಿದರೆ ಏನು ಮಾಡುತ್ತೀ ಎಂಬುದು ಇನ್ನೊಂದು ಪ್ರಶ್ನೆ. ಪೊಲೀಸರ ಸಹಾಯ ಕೇಳುತ್ತೇನೆ ಎಂದರೆ ಅಂಕ. “ಪೊಲೀಸರು ಇಲ್ಲದ ಕಡಿ ಹೋಗ್ತೇನಿ ರಿ” ಎಂದಳು. ಸೊನ್ನೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮಾಡಬೇಕಾದ ಕೆಲಸ ಯಾವುದು? ಹಲ್ಲುಜ್ಜುವುದು ಎಂದು ನನ್ನ ಕೈಯಲ್ಲಿದ್ದ ಉತ್ತರಪಟ್ಟಿ ಹೇಳುತ್ತಿತ್ತು. “ಮುನ್ನಿ ಅದಾಳೋ ಇಲ್ಲೋ ನೋಡ್ತೇನಿ” ಎಂದಳು ಶಾಹೀನ್. ಅದಕ್ಕೂ ಸೊನ್ನೆ.

ಆ ಮೂರು ಉತ್ತರಗಳಲ್ಲಿ ಅವಳ ಇಡೀ ಬದುಕು ಇತ್ತು. ನಾನು ಅಂಕ ಕೂಡಿಸಿ, ‘ಬೌದ್ಧಿಕ ಸಾಮರ್ಥ್ಯ ವಯಸ್ಸಿಗಿಂತ ಬಹಳ ಕಡಿಮೆ. ಸ್ವಂತ ಸಾಮರ್ಥ್ಯದ ಬಗ್ಗೆ ನಂಬಿಕೆ ಇಲ್ಲ. ಸಾಮಾಜಿಕ ಬಾಂಧವ್ಯ ಕಂಡುಬಂದಿಲ್ಲ. ರಕ್ತಸಂಬಂಧಿಗಳ ಮಾಹಿತಿ ಇಲ್ಲ’ ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿ ಕಳಿಸಿದೆ. ಊಟದ ಹೊತ್ತಾಗಿತ್ತು. ಊಟಕ್ಕೆ ಹೋದೆ.

ವಾರ ಕಳೆದು, ಬುಧವಾರ ಧಾಮದ ಅಧೀಕ್ಷಕಿ ಎರಡು ಲಕೋಟೆಗಳನ್ನು ನನ್ನ ಮೇಜಿನ ಮೇಲಿಟ್ಟರು. ಶಾಹೀನಳನ್ನು ಬೇರೊಂದು ಜಿಲ್ಲೆಯ ಬುದ್ಧಿಮಾಂದ್ಯ ಮಕ್ಕಳ ಕೇಂದ್ರಕ್ಕೆ ಕಳಿಸಬೇಕು. ಮುನ್ನಿಯನ್ನು ದತ್ತು ಕೊಡುವ ಸಾಧ್ಯತೆ ಪರಿಶೀಲಿಸಲು ಇನ್ನೊಂದು ಊರಿನ ಕೇಂದ್ರಕ್ಕೆ ಕಳಿಸಬೇಕು. ಬರುವ ಸೋಮವಾರ ಸಮಿತಿಯ ಮುಂದೆ ಕೊನೆಯ ವಿಚಾರಣೆ, ಮಂಗಳವಾರ ಗಾಡಿ.

“ಇಬ್ಬರನ್ನೂ ಬೇರೆ ಮಾಡ್ತಾರೇನ್ರಿ?” ಎಂದೆ.

“ಅಕ್ಕ ಮಂದಬುದ್ಧಿ, ಬ್ಯಾರೆ ಸಂಬಂಧಿಕರು ಇಲ್ಲಾ ಅಂತ ನೀವೇ ಬರದೀರಲ್ಲ ಮೇಡಂ. ನಿಮ್ಮ ರಿಪೋರ್ಟಿನ ಮ್ಯಾಲೇ ಆಗ್ಯಾದ ಇದು.”

ಅವರ ಮಾತಿನಲ್ಲಿ ಚುಚ್ಚುವಿಕೆ ಇರಲಿಲ್ಲ. ಇದ್ದದ್ದನ್ನು ಹೇಳಿದರು. ನಿಯಮದ ಪ್ರಕಾರ ನಡೆದಿದೆ, ನಾನೇನು ಮಾಡಲಿ ಎಂದು ಅವತ್ತು ಸಂಜೆಯವರೆಗೂ ನನಗೆ ನಾನೇ ಹೇಳಿಕೊಂಡೆ.

ಮರುದಿನ ಅಡುಗೆ ಮಾಡುವ ಮಹಾದೇವಿ ನನ್ನ ಕೋಣೆಯ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. “ಮೇಡಂ, ನೀವು ಮಂದಬುದ್ಧಿ ಅಂತ ಬರದ ಪೋರಿ ನಮ್ಮೆಲ್ಲಾರಕಿಂತ ಹುಷಾರ್ ಅದಾಳ. ಬಂದು ನೋಡ್ರಿ.”

ಅಡುಗೆಮನೆಯಲ್ಲಿ ಹೊಸದಾಗಿ ಬಂದ ತೊಗರಿಬೇಳೆಯ ಚೀಲ ಬಿಚ್ಚಿತ್ತು. ಶಾಹೀನ್ ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದವಳು ಕೆಲಸ ನಿಲ್ಲಿಸಿ ಕೂತಿದ್ದಳು. ಮಹಾದೇವಿ, “ಹೇಳವ್ವಾ, ನನಗ ಹೇಳಿದ್ದು ಇವರಿಗೂ ಹೇಳು” ಎಂದಳು.

“ಇದು ಹಳೀ ಬ್ಯಾಳಿ ರಿ. ಎಣ್ಣಿ ಹಚ್ಚಿ ಹೊಳಿಸ್ಯಾರ.” ಶಾಹೀನ್ ಒಂದು ಹಿಡಿ ಬೇಳೆ ತೆಗೆದು ಎರಡೂ ಅಂಗೈ ನಡುವೆ ಉಜ್ಜಿದಳು. “ಹೊಸಾದು ಇದ್ರ ಕೈಗಿ ಹಿಟ್ಟು ಹತ್ತತದ. ಇದಕ್ಕ ಜಿಡ್ಡು ಹತ್ತತದ ನೋಡ್ರಿ.” ಒಂದು ಕಾಳು ಹಲ್ಲಿನಲ್ಲಿ ಕಡಿದು ಸದ್ದು ಕೇಳಿಸಿದಳು. “ಭಾಳ ಹೊತ್ತು ಕುದಿಸಿದ್ರೂ ಕರಗಲ್ಲ. ತಿಂದ್ರ ಹೊಟ್ಟಿ ನೋಯತದ.”

ಮಹಾದೇವಿ ನನ್ನ ಮುಖ ನೋಡಿದಳು. ಹಿಂದಿನ ಚೀಲದ ಬೇಳೆಯೂ ಹಾಗೇ ಇತ್ತು, ಎರಡು ತಾಸು ಕುದಿಸಿದರೂ ಬೆಂದಿರಲಿಲ್ಲ. ಆ ತಿಂಗಳು ಧಾಮದ ಮಕ್ಕಳು ಹೊಟ್ಟೆನೋವು ಎಂದು ಮೇಲಿಂದ ಮೇಲೆ ಅಳುತ್ತಿದ್ದರು. ಅದಕ್ಕೆ ನಾನು ಒಂದೊಂದು ಮಗುವಿನ ಹಾಳೆಯಲ್ಲೂ ‘ಹೊಸ ವಾತಾವರಣಕ್ಕೆ ಹೊಂದಿಕೊಳ್ಳುವ ಮಾನಸಿಕ ಸಮಸ್ಯೆ’ ಎಂದು ಬರೆದಿದ್ದೆ. ಸರಬರಾಜು ಮಾಡಿದವನು ಹಳೆಯ ಬೇಳೆಗೆ ಎಣ್ಣೆ ಹಚ್ಚಿದ, ನಾನು ಅದರ ಮೇಲೆ ಮನಶ್ಶಾಸ್ತ್ರ ಹಚ್ಚಿದೆ.

ಶಾಹೀನಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. “ಇದೆಲ್ಲಾ ನಿನಗ ಹ್ಯಾಂಗ ಗೊತ್ತು?”

“ಗಂಜದಾಗ ಕಲ್ತೇನಿ ರಿ.” ಕೃಷಿ ಮಾರುಕಟ್ಟೆಗೆ ನಮ್ಮ ಕಡೆ ಗಂಜ ಎನ್ನುತ್ತಾರೆ.

“ಮತ್ತ ಆ ಕಾಗದದಾಗ ನನಗ ಏನೂ ಬರಂಗಿಲ್ಲ ಅಂತ ಯಾಕ ಗುರುತು ಹಾಕಿದಿ?”

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅದು ಬರೋದಲ್ರಿ ಅಕ್ಕೋರ. ಅದು ಕೆಲಸಾ. ಬರೋದಂದ್ರ ಸಾಲ್ಯಾಗ ಬರೋದು.”

“ನೀ ಸಾಲಿಗಿ ಹೋಗಿದ್ದೇನು?”

“ಮೂರು ತಿಂಗಳ ಹೋಗೇನಿ. ಹಿಂದ ಬಾಗಲ ಕಡಿ ಕೂಡಸ್ತಿದ್ರು. ಕಸಾ ಹೊಡಸ್ತಿದ್ರು. ನಿನಗ ಏನೂ ಬರಂಗಿಲ್ಲ ಅಂತಿದ್ರು.”

ಆ ಶಾಲೆ ಅವಳಿಗೆ ಅಕ್ಷರ ಕಲಿಸಲಿಲ್ಲ, ಮಗ್ಗಿ ಕಲಿಸಲಿಲ್ಲ. ‘ನಿನಗೆ ಏನೂ ಬರುವುದಿಲ್ಲ’ ಎಂಬ ಒಂದೇ ಪಾಠವನ್ನು ಮಾತ್ರ ಬಾಯಿಪಾಠ ಮಾಡಿಸಿ ಕಳಿಸಿತ್ತು. ಅವಳು ಅದನ್ನು ನನ್ನ ಮುಂದೆ ತಪ್ಪಿಲ್ಲದೆ ಒಪ್ಪಿಸಿದಳು. ನಾನು ಅದನ್ನು ಶಾಸ್ತ್ರೋಕ್ತ ಪರೀಕ್ಷೆಯ ಫಲಿತಾಂಶ ಎಂದು ಬರೆದುಕೊಂಡೆ. ನಾನೂ ಹದಿನಾರು ವರ್ಷ ಶಾಲೆಯಲ್ಲಿದ್ದವಳು. ನನ್ನ ತರಗತಿಯ ಬಾಗಿಲ ಬಳಿ ಯಾರನ್ನು ಕೂಡಿಸಿದ್ದೆ ಎಂದು ನೆನಪು ಮಾಡಿಕೊಳ್ಳಲು ಅವತ್ತು ಧೈರ್ಯವಾಗಲಿಲ್ಲ.

ಶುಕ್ರವಾರ ರಜೆ ಹಾಕಿ ಬೆಳಗಿನ ಬಸ್ಸಿಗೆ ಭಾಲ್ಕಿಗೆ ಹೋದೆ. ಅದು ನನ್ನ ಕೆಲಸವಲ್ಲ, ನನಗೆ ಅದರ ಅಧಿಕಾರವೂ ಇರಲಿಲ್ಲ. ಸ್ಥಳಕ್ಕೆ ಹೋಗಿ ವಿಚಾರಿಸುವ ಸಿಬ್ಬಂದಿ ಬೇರೆ ಇದ್ದರು. ಅವರು ಹೋಗಿ ಬಂದದ್ದಾಗಿ ಬರೆದಿದ್ದರು. ಗಂಜದಲ್ಲಿ ಯಾರನ್ನು ಕೇಳಿದರೂ, ಹುಡುಗಿಯರ ಬಗ್ಗೆ ವಿಚಾರಿಸಲು ಇದುವರೆಗೆ ಯಾರೂ ಬಂದಿಲ್ಲ ಎಂದರು.

ಆ ದಿನ ಗಂಜದ ತುಂಬ ತೊಗರಿ, ಹೆಸರು ಚೀಲಗಳು. ದಲಾಲಿ ಮಾಡುವ ಒಂದು ಅಡತ್ ಅಂಗಡಿಯ ಮುಂದೆ ನಿಂತು ಶಾಹೀನ್ ಎಂದೆ. ಅಂಗಡಿಯ ಮಾಲೀಕ ಶಿವಶರಣಪ್ಪ ತಕ್ಷಣ ತಲೆಯೆತ್ತಿದರು.

“ಆ ಪೋರಿ ಎಲ್ಲಿ ಹೋದಳ್ರಿ? ರೈತರು ಮಾಲು ತಂದ್ರ, ತೇವಾ ನೋಡೋ ಮಷಿನ್ ಹಚ್ಚೋಕಿಂತ ಮೊದಲ ಆಕಿ ಕೈಯಾಗ ಕಾಳು ಕೊಡ್ತಿದ್ವಿ. ಹಸಿ ಅದನೋ ಒಣಗ್ಯಾದೋ ಮುಟ್ಟಿ ಹೇಳ್ತಿದ್ಳು. ಮಷಿನ್ ಸುಳ್ಳಾಗಬೇಕು, ಆಕಿ ಮಾತು ಸುಳ್ಳಾಗ್ತಿರ್ಲಿಲ್ಲ.”

“ಇದನ್ನ ಆಕಿಗಿ ಎಂದಾದ್ರೂ ಹೇಳೀರೇನ್ರಿ?”

ಅವರಿಗೆ ನಗು ಬಂತು. “ಅದಕ್ಕೇನು ಹೇಳೋದ್ರಿ? ಕಸಾ ಹೊಡಿಲಿಕ್ಕ ಬರ್ತಿದ್ಳು, ಉದುರಿದ ಕಾಳು ಬಳಕೊಂಡು ಹೋಗ್ತಿದ್ಳು.”

ಹನ್ನೆರಡು ವರ್ಷದ ಮಗುವಿನ ಕೈಯ ಜಾಣತನವನ್ನು ಇಡೀ ಗಂಜ ಬಳಸಿಕೊಂಡಿತ್ತು. ಆ ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ, ಶಾಲೆಗೆ ಯಾಕೆ ಹೋಗುವುದಿಲ್ಲ ಎಂದು ಅಲ್ಲಿ ಒಬ್ಬರೂ ಕೇಳಿರಲಿಲ್ಲ. ನನಗೆ ಬಂದ ಸಿಟ್ಟನ್ನು ಅಲ್ಲೇ ಹೇಳಿದೆ. ಶಿವಶರಣಪ್ಪನವರ ನಗು ನಿಂತಿತು. “ಗೇಟಿನ ಹತ್ತಿರ ಗಂಗಾಬಾಯಿ ಅದಾಳ, ಆಕೀನ್ನ ಕೇಳ್ರಿ. ಹುಡುಗ್ಯಾರು ಇರ್ತಿದ್ದದ್ದು ಆಕಿ ಹತ್ತಿರಾನೇ” ಎಂದರು.

ಗಂಗಾಬಾಯಿಗೆ ಎಪ್ಪತ್ತು ದಾಟಿದೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಿಂಗ. ಈಚಲ ಗರಿಯ ಕಸಬರಿಗೆ ಕಟ್ಟಿ ಮಾರುತ್ತಾಳೆ. ಬಳಕೆಯಲ್ಲಿಲ್ಲದ ಒಂದು ಗೋದಾಮಿನ ಹೊರಗಿನ ತಗಡಿನ ಕೆಳಗೆ ಅವಳ ವಾಸ. ಹುಡುಗಿಯರ ತಾಯಿ ಸತ್ತ ಮೇಲೆ ಇಬ್ಬರೂ ಅವಳ ಜೊತೆಗೇ ಇದ್ದರು. ನಾನು ಯಾರೆಂದು ತಿಳಿದ ಕೂಡಲೇ ಅವಳು ಗರಿ ಕೆಳಗಿಟ್ಟಳು.

“ಎರಡು ಸಲ ಬೀದರಿಗಿ ಬಂದಿದ್ದೆ ನಾ. ನಿಮ್ಮ ಗೇಟಿನ್ಯಾಗ ಬಿಡಲಿಲ್ಲ. ಆಕಿಗಿ ನೀ ಏನಾಗಬೇಕು ಅಂತ ಕೇಳಿದ್ರು. ಏನಂತ ಹೇಳಲಿ? ಆಕಿ ದಿನಾ ನನ್ನ ತಲಿ ಹಿಕ್ಕತಾಳ. ನನಗ ಕಣ್ಣು ಕಾಣಸಲ್ಲ, ಗರಿ ಆರಿಸಿ ಕೊಡ್ತಾಳ. ನಾ ಸಣ್ಣಾಕಿಗಿ ರೊಟ್ಟಿ ಮುರದು ಉಣಸ್ತೇನಿ. ಇದಕ್ಕ ಏನಂತಾರ್ರಿ ನಿಮ್ಮ ಕಾಗದದಾಗ? ಆ ಹೆಸರು ಹೇಳ್ರಿ, ನಾ ಅದೇ ಆಗಬೇಕು.”

ನಮ್ಮ ಕಾಗದದಲ್ಲಿ ಅದಕ್ಕೆ ಹೆಸರಿರಲಿಲ್ಲ. ‘ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ’ ಎಂಬ ಫಲಕ ನಮ್ಮ ಗೇಟಿನಲ್ಲಿತ್ತು. ಅದನ್ನು ದಿನವೂ ದಾಟಿಕೊಂಡೇ ನಾನು ಒಳಗೆ ಹೋಗುತ್ತಿದ್ದೆ. ಒಳಗೆ ಕೂತು ‘ಸಾಮಾಜಿಕ ಬಾಂಧವ್ಯ ಕಂಡುಬಂದಿಲ್ಲ’ ಎಂದು ಬರೆಯುತ್ತಿದ್ದೆ.

ಹೊರಡುವಾಗ ಗಂಗಾಬಾಯಿ ಇನ್ನೊಂದು ವಿಷಯ ಹೇಳಿದಳು. ಹುಡುಗಿಯರ ತಾಯಿಗೆ ನೂರಜಹಾನ್ ಎಂಬ ಅಕ್ಕ ಇದ್ದಾಳೆ. ಮದುವೆಯ ವಿಷಯಕ್ಕೆ ಜಗಳವಾಗಿ ಅಕ್ಕತಂಗಿಯರ ಮಾತು ನಿಂತು ಬಹಳ ವರ್ಷವಾಗಿದೆ. ಔರಾದಿನ ಯಾವುದೋ ಶಾಲೆಯಲ್ಲಿ ಅಡುಗೆ ಮಾಡುತ್ತಾಳಂತೆ.

ಸಂಜೆಗೆ ಧಾಮಕ್ಕೆ ಮರಳಿ ಶಾಹೀನಳನ್ನು ಕರೆದೆ. ಗಂಗಾಬಾಯಿಯನ್ನು ನೋಡಿ ಬಂದೆ ಎಂದಾಗ ಅವಳು ಬೆಚ್ಚಿಬಿದ್ದಳು.

“ಆಯಿಗಿ ಹಿಡದೀರೇನ್ರಿ?”

“ಇಲ್ಲವ್ವಾ. ಯಾಕ ಹಿಡೀಬೇಕು?”

“ನನ್ನವರು ಯಾರದಾರ ಅಂತ ಕೇಳಿದ್ರಲ್ಲ. ಹೆಸರು ಹೇಳಿದ್ರ ಆಯಿಗೂ ಜೀಪಿನ್ಯಾಗ ಹಾಕೊಂಡು ಬರ್ತಿದ್ರಿ. ಅದಕ್ಕ ಬಿಟ್ಟೆ.”

ಆ ಖಾಲಿ ಜಾಗವನ್ನು ನಾನು ಹೇಗೆ ಓದಿದ್ದೆ, ಅವಳು ಏನನ್ನು ಉಳಿಸಲು ಅದನ್ನು ಖಾಲಿ ಬಿಟ್ಟಿದ್ದಳು! ಜೀಪಿನಲ್ಲಿ ಬಂದವರಿಗೆ ತನ್ನವರ ಹೆಸರು ಹೇಳಬಾರದು ಎಂಬ ತಿಳಿವಳಿಕೆ ಇದ್ದ ಮಗುವಿಗೆ ನಾನು ತಿಳಿವಳಿಕೆ ಇಲ್ಲ ಎಂದು ಬರೆದಿದ್ದೆ.

ಶನಿವಾರ ಔರಾದಿಗೆ ಹೋದೆ. ನನ್ನ ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಿಕೊಂಡು, ಮೂರನೆಯ ಶಾಲೆಯಲ್ಲಿ ನೂರಜಹಾನ್ ಸಿಕ್ಕಳು. ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದಳು. ತಂಗಿ ತೀರಿಹೋದ ಸುದ್ದಿ ಅವಳಿಗೆ ನಾನೇ ಹೇಳಬೇಕಾಯಿತು. ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟಳು.

“ನಾ ದಿನಾ ಇಷ್ಟು ಮಕ್ಕಳಿಗಿ ಕೈಯಾರೆ ಉಣಸ್ತೇನಿ ಅಕ್ಕೋರ. ನನ್ನ ತಂಗಿ ಮಕ್ಕಳು ನೆಲಕ್ಕ ಬಿದ್ದ ಕಾಳು ಆರಿಸ್ತಿದ್ರೇನು?”

ಮನೆಯೆಂದರೆ ಒಂದೇ ಕೋಣೆ, ಅದರಲ್ಲಿ ಗಂಡ, ಮೂರು ಮಕ್ಕಳು. ಆದರೂ ಅವಳು ಒಂದು ಕ್ಷಣವೂ ಲೆಕ್ಕ ಹಾಕಲಿಲ್ಲ. “ಯಾವತ್ತು ಬರಲಿ, ಏನೇನು ಕಾಗದ ತರಲಿ, ಅಷ್ಟು ಹೇಳ್ರಿ” ಎಂದಳು.

ಸೋಮವಾರ ಸಮಿತಿಯ ಮುಂದೆ ನಾನು ನನ್ನ ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಎರಡು ಪುಟದ ಪತ್ರ ಕೊಟ್ಟೆ. ನನ್ನ ವೃತ್ತಿಯಲ್ಲಿ ಅದಕ್ಕೂ ಮೊದಲು ಅಂಥ ಪತ್ರ ಬರೆದಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಹಿಂಗ ಬರದಾಕೀನೂ ನೀವೇ, ತಪ್ಪಂತ ಹೇಳಾಕೀನೂ ನೀವೇ. ನಾವು ಯಾವುದ್ ಹಿಡೀಬೇಕ್ರಿ ಮೇಡಂ?”

“ಬರೆದದ್ದು ತಪ್ಪು ರಿ. ಪರೀಕ್ಷೆ ಪುಸ್ತಕದ ಕನ್ನಡದಾಗಿತ್ತು. ಈ ಮಗು ದಖನಿ ಉರ್ದು ಮಾತಾಡ್ತದ, ಭಾಲ್ಕಿ ಕನ್ನಡ ಮಾತಾಡ್ತದ, ಮರಾಠಿ ತಿಳೀತದ. ಪ್ರಶ್ನೆಗಳೆಲ್ಲಾ ಮನಿ ಇದ್ದ ಮಕ್ಕಳಿಗಿ ಮಾಡಿದ್ವು. ಈ ಮಗುವಿಗಿ ಮನೀನೇ ಇರ್ಲಿಲ್ಲ.”

ಅವರು ಶಾಹೀನಳನ್ನು ಮುಂದೆ ಕರೆದರು. ಬೇಳೆಯ ಮಾತು ಹೇಳಲಿ, ಗಂಜದ ಮಾತು ಹೇಳಲಿ ಎಂದು ಕಾದೆ.

“ನಿನಗ ಏನೇನು ಬರತದವಾ?”

ಶಾಹೀನ್ ನೆಲ ನೋಡಿದಳು. “ಏನೂ ಬರಂಗಿಲ್ರಿ.”

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ನೋಡ್ರಿ. ಹುಡುಗೀನೇ ಹೇಳ್ತದ.”

ಆ ಕ್ಷಣ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ನಾನು ಎದ್ದು ನಿಂತು, ಬಹುಶಃ ಆ ಕೋಣೆಯಲ್ಲಿ ಎತ್ತಬಾರದಷ್ಟು ದನಿ ಎತ್ತಿ ಹೇಳಿದೆ: “ಹುಡುಗಿ ಹೇಳ್ತಿಲ್ರಿ. ಮೊದಲ ಆಕಿ ಸಾಲಿ ಇದನ್ನ ಹೇಳ್ತು. ಆಮ್ಯಾಲ ನಾ ಸಹಿ ಮಾಡಿ ಹೇಳಿದೆ. ಈಗ ದೊಡ್ಡವರು ಹೇಳಿದ್ದನ್ನೇ ದೊಡ್ಡವರಿಗಿ ತಿರುಗಿ ಹೇಳ್ತಾಳ. ಇದು ಆಕಿ ಬುದ್ಧಿ ಅಲ್ಲ, ನಮ್ಮದು.”

ಸದಸ್ಯರಲ್ಲಿ ಒಬ್ಬ ವಕೀಲೆ ಇದ್ದರು. ಅವರು ದಖನಿಯಲ್ಲಿ ತಗ್ಗಿದ ದನಿಯಲ್ಲಿ ಶಾಹೀನಳನ್ನು ಏನೋ ಕೇಳತೊಡಗಿದರು. ಮುನ್ನಿಗೆ ಜ್ವರ ಬಂದಾಗ ಏನು ಮಾಡಿದೆ, ಎಲ್ಲಿಗೆ ಒಯ್ದೆ, ಡಾಕ್ಟರಿಗೆ ಏನು ಹೇಳಿದೆ ಎಂದು. ಶಾಹೀನ್ ಉತ್ತರ ಕೊಡುತ್ತಾ ಹೋದಳು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗುಳಿಗೆ, ಎಷ್ಟು ಸಲ. ವಕೀಲೆ ಪೆನ್ನು ಕೆಳಗಿಟ್ಟು, “ಇಷ್ಟು ನೆಟ್ಟಗೆ ಹೇಳುವ ಸಾಕ್ಷಿ ಕೋರ್ಟಿನಲ್ಲೂ ಸಿಗುವುದು ಅಪರೂಪ” ಎಂದರು.

ಹಾಗೆಂದು ಅದರಿಂದಲೇ ಗೆದ್ದೆವು ಎಂದುಕೊಳ್ಳಬೇಡಿ. ನೂರಜಹಾನ್ ಚೀಲದಿಂದ ಒಂದು ಹಳೆಯ ರೇಷನ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಅವರ ತಂದೆಯ ಹೆಸರಿನ ಕೆಳಗೆ ಅಕ್ಕತಂಗಿಯರಿಬ್ಬರ ಹೆಸರೂ ಇದ್ದವು. ರಕ್ತಸಂಬಂಧಿ ಸಿಕ್ಕ ಮೇಲೆ ದತ್ತಿನ ಮಾತು ಅಲ್ಲಿಗೇ ನಿಂತಿತು. ಎರಡೂ ವರ್ಗಾವಣೆ ರದ್ದಾದವು. ಶಾಹೀನಳಿಗೆ ಅವಳ ಭಾಷೆಯಲ್ಲಿ ಮರುಪರೀಕ್ಷೆ ಆಗಬೇಕೆಂದು ಆದೇಶವಾಯಿತು. ಕಡೆಗೆ ಆ ಮೇಜಿನ ಮೇಲೆ ಮಗುವಿನ ಮಾತಿಗಿಂತ ಮಾಸಿದ ಕಾರ್ಡೇ ತೂಕದ್ದಾಯಿತು. ಆ ಕಾರ್ಡು ಎಂದೋ ಒಲೆಗೆ ಬಿದ್ದಿದ್ದರೆ? ಈ ಪ್ರಶ್ನೆಯನ್ನು ನಾನು ಅಧಿಕಾರಿಗಳನ್ನೂ ಕೇಳಿದೆ. ಹಾಗೇನೂ ಆಗಲಿಲ್ಲವಲ್ಲ ಎಂದರು.

ಗಂಗಾಬಾಯಿಯೂ ಅವತ್ತು ಭಾಲ್ಕಿಯಿಂದ ಬಂದಿದ್ದಳು. ಸಂಬಂಧವಿಲ್ಲದವರು ಹೊರಗಿರಬೇಕು ಎಂದು ಅವಳನ್ನು ವರಾಂಡದಲ್ಲಿ ಕೂಡಿಸಿದ್ದರು. ವಿಚಾರಣೆ ಮುಗಿದು ಬಾಗಿಲು ತೆರೆದಾಗ ಮುನ್ನಿ ಎಲ್ಲರನ್ನೂ ದಾಟಿ ಓಡಿಹೋಗಿ ಅವಳ ಮಡಿಲಲ್ಲಿ ಕೂತಳು. ಆದೇಶದಲ್ಲಿ ಗಂಗಾಬಾಯಿಯ ಹೆಸರಿಲ್ಲ. ಒಂದು ವರ್ಷ ಇಬ್ಬರು ಮಕ್ಕಳನ್ನು ಸಾಕಿದವಳು ಸರ್ಕಾರದ ಯಾವ ಕಾಗದದಲ್ಲೂ ಇಲ್ಲ. ಸೇರಿಸಿ ಎಂದು ಮೂರು ಸಲ ಬರೆದೆ. ಅಂಥ ಕಾಲಂ ನಮೂನೆಯಲ್ಲಿ ಇಲ್ಲ ಎಂದು ಉತ್ತರ ಬಂತು.

ಮೂರು ವಾರದ ನಂತರ ಬೇರೊಬ್ಬ ತಜ್ಞರು ದಖನಿ ಮತ್ತು ಆಡುಗನ್ನಡದಲ್ಲಿ ಮರುಪರೀಕ್ಷೆ ಮಾಡಿದರು. ಶಾಹೀನ್ ತನ್ನ ವಯಸ್ಸಿನ ಮಕ್ಕಳ ಮಟ್ಟದಲ್ಲೇ ಇದ್ದಳು. ಲೆಕ್ಕದಲ್ಲಿ ಅವರಿಗಿಂತ ಮುಂ‍ದಿದ್ದಳು. ನನ್ನ ತಪ್ಪು ವರದಿಯನ್ನು ಕಿತ್ತು ಹಾಕಿ ಎಂದು ಕೇಳಿಕೊಂಡೆ. ಕಡತದಿಂದ ಏನನ್ನೂ ತೆಗೆಯಲು ಬರುವುದಿಲ್ಲವಂತೆ. ಹೊಸ ವರದಿಯನ್ನು ಅದರ ಹಿಂದೆ ಪಿನ್ನು ಹಾಕಿ ಸೇರಿಸಿದರು.

ಅದರ ಪರಿಣಾಮವನ್ನು ಔರಾದಿನಲ್ಲಿ ಕಂಡೆ. ಹುಡುಗಿಯರು ದೊಡ್ಡಮ್ಮನ ಮನೆಗೆ ಬಂದ ಮೇಲೆ ಶಾಲೆಗೆ ಸೇರಿಸಲು ನಾನೂ ಹೋಗಿದ್ದೆ. ಮುಖ್ಯಗುರುಗಳು ಕಡತ ಬಿಚ್ಚಿ ಮೊದಲ ಹಾಳೆ ಓದಿ ಮುಚ್ಚಿದರು. “ಇಂಥಾ ಹುಡುಗಿ ನಮ್ಮಲ್ಲಿ ನಡ್ಯಂಗಿಲ್ರಿ. ಬೇಕಿದ್ರ ಒಂದನೇತ್ತಾಗ ಸಣ್ಣ ಮಕ್ಕಳ ಕೂಡ ಕೂಡಸ್ತೇವಿ.”

“ಸರ್, ಹಿಂದಿನ ಹಾಳಿ ಓದ್ರಿ.”

“ಮೊದಲನೇದು ಯಾರು ಬರದಾರ?”

“ನಾನೇ ಬರದೇನಿ. ಅದು ತಪ್ಪದ.”

“ತಪ್ಪಿದ್ರ ಮ್ಯಾಲ ಯಾಕ ಇಟ್ಟಾರ?”

ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದ ಪಾಠಗಳಿಗೆ ಬೇರೆ ತರಬೇತಿ ಕೊಡಬೇಕು ಎಂದು ಕಾನೂನಿದೆ. ಅದನ್ನು ತೋರಿಸಿದೆ. ಹದಿನಾರು ದಿನ ಓಡಾಡಿ, ಮೇಲಿನ ಕಚೇರಿಯಿಂದ ಪತ್ರ ತಂದ ಮೇಲೆ ಶಾಹೀನ್ ಆರನೆಯ ತರಗತಿಗೆ ಸೇರಿದಳು. ಅಷ್ಟು ದಿನವೂ ಅವಳು ಶಾಲೆಯ ಅಡುಗೆಮನೆಯ ಮುಂದೆ ಕೂತು, ತಂಗಿ ಒಂದನೆಯ ತರಗತಿಯಲ್ಲಿ ಓದುವುದನ್ನು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಎಂಟನೆಯ ತರಗತಿಗೆ ಬಂದಾಗ ಒಮ್ಮೆ ಔರಾದಿಗೆ ಹೋಗಿದ್ದೆ. ಕನ್ನಡ ಓದಲು ಇನ್ನೂ ತಡವರಿಸುತ್ತಿದ್ದಳು, ಲೆಕ್ಕದಲ್ಲಿ ತರಗತಿಗೆ ಮೊದಲಿಗಳಾಗಿದ್ದಳು. ಗಂಗಾಬಾಯಿಯನ್ನು ನೂರಜಹಾನ್ ಹಬ್ಬಕ್ಕೆ ಕರೆಸಿಕೊಂಡಿದ್ದಳು, ಅವಳು ಹದಿನೈದು ದಿನ ಇದ್ದು ಹೋದಳಂತೆ. ಶಾಲೆಯ ಅಂಗಳದಲ್ಲಿ ಶಾಹೀನಳ ಜೊತೆ ಕೂತು, ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದೆ.

“ನಿನಗ ಏನೂ ತಿಳಿಯಂಗಿಲ್ಲ ಅಂತ ಬರದಾಕಿ ನಾನೇ ಶಾಹೀನ್. ತಪ್ಪು ಮಾಡೇನಿ.”

“ಗೊತ್ತದ ರಿ. ಈಗ ಓದಲಿಕ್ಕ ಬರತದಲ್ಲ, ಸಾಲ್ಯಾಗ ನನ್ನ ಫೈಲ್ ಓದೇನಿ.”

ನನಗೆ ನೆಲ ಬಿರಿಯಬಾರದೆ ಎನಿಸಿತು. ಅವಳು ಕೋಪವಿಲ್ಲದ ದನಿಯಲ್ಲಿ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

“ನನಕಿಂತ ಮೊದಲ ಬಂದ ಹುಡುಗ್ಯಾರದೂ ನೀವೇ ಬರದೀರೇನ್ರಿ?”

ಹೌದು ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಗಂಟೆ ಹೊಡೆಯಿತು, ತರಗತಿಗೆ ಹೋದಳು.

ನಿವೃತ್ತಿಗೆ ಆಗ ಎಂಟು ತಿಂಗಳಿತ್ತು. ಬೀದರಿಗೆ ಮರಳಿ ಕಡತಗಳ ಕಪಾಟು ತೆರೆಸಿದೆ. ಅದೇ ಹಾಳೆ, ಅದೇ ಉತ್ತರಪಟ್ಟಿ ಹಿಡಿದು ನಾನು ‘ಬೌದ್ಧಿಕ ಸಾಮರ್ಥ್ಯ ಕಡಿಮೆ’ ಎಂದು ಬರೆದಿದ್ದ ಇನ್ನೂ ಹದಿನಾಲ್ಕು ಹುಡುಗಿಯರ ಹೆಸರು ಸಿಕ್ಕವು. ಹೆಚ್ಚಿನವರು ನಿಲ್ದಾಣಗಳಿಂದ, ಇಟ್ಟಿಗೆ ಭಟ್ಟಿಗಳಿಂದ, ಸೇತುವೆಗಳ ಕೆಳಗಿನಿಂದ ಬಂದವರು. ಮನೆಯ ಚಿತ್ರದ ಮುಂದೆ ನಾನು ಹಾಕಿದ ಸೊನ್ನೆ ಹನ್ನೊಂದು ಹಾಳೆಗಳಲ್ಲಿತ್ತು. ಹನ್ನೊಂದು ಮಕ್ಕಳು ಒಂದೇ ‘ತಪ್ಪು’ ಮಾಡಿದಾಗಲೂ ಪ್ರಶ್ನೆಯೇ ತಪ್ಪಿರಬಹುದೆಂದು ನನಗೆ ಹೊಳೆದಿರಲಿಲ್ಲ. ಮೇಲಿನವರಿಗೂ ಹೊಳೆದಿರಲಿಲ್ಲ. ಆ ಹಾಳೆ ಇನ್ನೂ ಬಳಕೆಯಲ್ಲಿದೆ ಎಂದು ಕೇಳುತ್ತೇನೆ.

ಎಂಟು ತಿಂಗಳಲ್ಲಿ ಐವರನ್ನು ಹುಡುಕಿ ಮರುಪರೀಕ್ಷೆ ಮಾಡಿಸಲು ಸಾಧ್ಯವಾಯಿತು. ಅವರಲ್ಲಿ ಮೂವರಿಗೆ ಯಾವ ಕೊರತೆಯೂ ಇರಲಿಲ್ಲ. ಒಬ್ಬಳು ಆರು ವರ್ಷ ಬುದ್ಧಿಮಾಂದ್ಯರ ಕೇಂದ್ರದಲ್ಲಿ ಉಳಿದವರ ಬಟ್ಟೆ ಒಗೆದುಕೊಂಡಿದ್ದಳು. ಅವಳ ಆರು ವರ್ಷವನ್ನು ಯಾವ ಪತ್ರ ಬರೆದು ಹಿಂದಕ್ಕೆ ತರಲಿ? ಉಳಿದ ಒಂಬತ್ತು ಹುಡುಗಿಯರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಕಳಿಸಿದ್ದಾರೆ, ಕೆಲವು ಕೇಂದ್ರಗಳು ಮುಚ್ಚಿವೆ, ಕೆಲವರು ಹದಿನೆಂಟು ತುಂಬಿ ಹೊರಗೆ ಹೋಗಿದ್ದಾರೆ.

ಮನೆಯಿಲ್ಲದ ಮಗು ತನ್ನ ಬಗ್ಗೆ ಹೇಳುವ ಮಾತಿನಲ್ಲಿ ನಾವು ಅದಕ್ಕೆ ಹೇಳಿಕೊಟ್ಟದ್ದು ಎಷ್ಟಿದೆ ಎಂದು ಮೊದಲು ನೋಡಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಮಗು ನಿಂತಿದ್ದ ಜಾಗಕ್ಕೆ ಹೋಗಿ, ಅದರ ಕೈ ಏನು ಬಲ್ಲದು, ಅದು ಯಾರಿಗೆ ಬೇಕಾದದ್ದು ಎಂದು ಕಣ್ಣಾರೆ ಕಾಣದೆ ಒಂದು ಸಾಲನ್ನೂ ಬರೆಯಬಾರದು. ಹೊಸದಾಗಿ ಕೆಲಸಕ್ಕೆ ಸೇರುವವರು ಸಿಕ್ಕಾಗ ಇದನ್ನು ಹೇಳುತ್ತೇನೆ. ಸಮಯವಿಲ್ಲ ಮೇಡಂ ಎನ್ನುತ್ತಾರೆ. ನನಗೂ ಇರಲಿಲ್ಲ ಎನ್ನುತ್ತೇನೆ.

ಒಂಬತ್ತು ಹೆಸರುಗಳ ಪಟ್ಟಿ ನನ್ನ ಬಳಿ ಇದೆ. ಈಗ ನನಗೆ ಅಧಿಕಾರವಿಲ್ಲ, ಆದರೂ ಪತ್ರ ಬರೆಯುವುದನ್ನು ಬಿಟ್ಟಿಲ್ಲ. ಕಳೆದ ವಾರ ಒಬ್ಬಳ ವಿಳಾಸ ಸಿಕ್ಕಿತು. ಮದುವೆಯಾಗಿ ಮನ್ನಳ್ಳಿಯಲ್ಲಿದ್ದಾಳಂತೆ, ಒಂದು ಮಗುವಿದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ನಾನು ಯಾರು, ಏನು ಬರೆದಿದ್ದೆ ಎಂದು ಅವಳ ಮುಂದೆ ನಿಂತು ಹೇಳಬೇಕು. ಆಮೇಲೆ ಅವಳು ಏನು ಕೇಳಿದರೂ ಕೇಳಲಿ.